ಮೊಳಕೆ ತಡವಾದರೆ ಹೊಲ ಬಿಡುವರೇ?



ಬೆಳೆಯುವ ಸಿರಿ ಮೊಳಕೆಯಲ್ಲಿಯೇ ಕಾಣುತ್ತದೆಂಬ ಗಾದೆಯನ್ನು ಹಿರಿಯರು ಆಡುತ್ತ ಬಂದಿದ್ದಾರೆ. ಆದರೆ ಮೊಳಕೆ ತಡವಾಯಿತೆಂದು ಹೊಲವನ್ನೇ ಬಿಟ್ಟುಬಂದ ಒಕ್ಕಲಿಗನುಂಟೆ? ಯಲಹಂಕ, ದೇವನಹಳ್ಳಿ ಸೀಮೆಯ ದ್ರಾಕ್ಷಿ ಬೆಳೆಗಾರರನ್ನು ಕೇಳಿ ನೋಡಿ. ಬಳ್ಳಿ ನೆಟ್ಟ ದಿನವೇ ಅವರು ಗೊಂಚಲು ಬೇಡುವುದಿಲ್ಲ. ಚಪ್ಪರ ಹಾಕಿ, ಕುಡಿ ಹಬ್ಬಿಸಿ, ಕಾಲಕಾಲಕ್ಕೆ ಸವರಿ ಕಾಯುತ್ತಾರೆ. ಬಳ್ಳಿಗೆ ತೋರುವ ಈ ತಾಳ್ಮೆ ಮನೆಯ ಮಕ್ಕಳ ಪಾಲಿಗೆ ಮಾತ್ರ ಇಲ್ಲವಾಗುತ್ತದೆ. ಮಗ್ಗಿ ತಪ್ಪಿದ ಎಳೆಯ ಕೂಸಿಗೆ, 'ನೀನು ದಡ್ಡ, ಇದು ನಿನ್ನ ತಲೆಗೆ ಹತ್ತುವುದಲ್ಲ' ಎಂದುಬಿಡುತ್ತೇವೆ. ಆಡಿದವರು ಸಂಜೆಗೆ ಮರೆಯುತ್ತಾರೆ. ಕೇಳಿದ ಮಗು ಮರೆಯುವುದಿಲ್ಲ.

ಹಾನಗಲ್ಲು ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳು ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡರು. ಅವರಿಗೆ ದೊರೆತ ಗುರು ಪಂಚಾಕ್ಷರಿ ಗವಾಯಿಗಳೂ ಅಂಧರೇ. ನೋಡಿ ಕಲಿಯುವ ಮಾತೇ ಅಲ್ಲಿರಲಿಲ್ಲ. ಕೇಳಿ, ಮುಟ್ಟಿ, ತಪ್ಪಿ, ತಿದ್ದಿಕೊಂಡು ಮತ್ತೆ ನುಡಿಸಬೇಕು. ಹಾಗೆ ಕಲಿತ ಬಾಲಕ ಹಿಂದೂಸ್ಥಾನಿ, ಕರ್ನಾಟಕ ಎರಡೂ ಪದ್ಧತಿಗಳಲ್ಲಿ, ಹಲವು ವಾದ್ಯಗಳಲ್ಲಿ ಪರಿಣತರಾದರು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೊಣೆ ಹೊತ್ತು, 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೆ ಅಂಧ, ಅನಾಥ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ನೀಡಿದರು. ಅದೇ ವರ್ಷ ಅವರಿಗೆ ಪದ್ಮಭೂಷಣ ಸಂದಿತು. 'ಕುರುಡು ಮಗು ಏನು ಕಲಿತೀತು' ಎಂದು ಅಂದು ಕೈಚೆಲ್ಲಿದ್ದರೆ ನಾಡಿಗೆ ಆಗುತ್ತಿದ್ದ ನಷ್ಟವೆಷ್ಟು!

ಹಾಗಾದರೆ ಹೊಗಳಿದರೆ ಸಾಕೇ? ಅಲ್ಲಿಯೂ ಎಚ್ಚರ ಬೇಕು. ಅಮೆರಿಕದ ಮನಃಶಾಸ್ತ್ರಜ್ಞೆಯರಾದ ಕ್ಲಾಡಿಯಾ ಮುಲ್ಲರ್, ಕ್ಯಾರಲ್ ಡ್ವೆಕ್ ಅವರು 1998ರಲ್ಲಿ ಐದನೆಯ ತರಗತಿಯ ಮಕ್ಕಳ ಮೇಲಿನ ಅಧ್ಯಯನವನ್ನು ಪ್ರಕಟಿಸಿದರು. ಕೊಟ್ಟ ಸಮಸ್ಯೆಗಳನ್ನು ಬಿಡಿಸಿದ ಕೆಲವರಿಗೆ 'ನೀನು ಜಾಣ' ಎಂದರು; ಕೆಲವರಿಗೆ 'ಚೆನ್ನಾಗಿ ಶ್ರಮಪಟ್ಟೆ' ಎಂದರು. ಬಳಿಕ ಕಠಿಣ ಸಮಸ್ಯೆ ಕೊಟ್ಟಾಗ ಎಲ್ಲರೂ ಎಡವಿದರು. ಆಮೇಲೆ ಮೊದಲಿನಂಥದೇ ಸಮಸ್ಯೆ ಬಂದಾಗ 'ಜಾಣ' ಎನಿಸಿಕೊಂಡವರು ಮೊದಲಿಗಿಂತ ಹಿಂದುಳಿದರು. ಶ್ರಮಕ್ಕೆ ಮೆಚ್ಚುಗೆ ಪಡೆದವರು ಮುಂದೆ ಸಾಗಿದರು. ಜಾಣನೆಂಬ ಬಿರುದು ಹೊತ್ತ ಮಗುವಿಗೆ ಸೋಲೆಂದರೆ ಬಿರುದು ಕಳೆದುಕೊಳ್ಳುವ ಭಯ. ಶ್ರಮವನ್ನು ನಂಬಿದ ಮಗುವಿಗೆ ಸೋಲೆಂದರೆ ಇನ್ನಷ್ಟು ಕಲಿಯಬೇಕೆಂಬ ಸೂಚನೆ.

ಬರಿಯ ಶ್ರಮವೂ ಸಾಲದು. ಒಂದು ದಾರಿಯಲ್ಲಿ ತಿಳಿಯದಿದ್ದರೆ ಇನ್ನೊಂದು ದಾರಿ ತೋರುವುದು ಹಿರಿಯರ ಕರ್ತವ್ಯ. ಲೆಕ್ಕ ಹಲಗೆಯ ಮೇಲೆ ಅರ್ಥವಾಗದಿದ್ದರೆ ಹುಣಿಸೆಬೀಜ ಎಣಿಸಿ ತೋರಿಸಿ.

ಹೆಬ್ಬಾಳ, ಯಶವಂತಪುರದಂಥ ಕಡೆ ತಂದೆತಾಯಿಗಳಿಬ್ಬರೂ ದುಡಿಯಲು ಹೋದಾಗ ಮಗುವಿನ ಜೊತೆಗಿರುವವರು ಹಳ್ಳಿಯಿಂದ ಬಂದ ಅಜ್ಜ ಅಜ್ಜಿಯರೇ. ಓದುಬರಹ ಬಾರದೆಂದು ನೀವು ಸಂಕೋಚಪಡಬೇಡಿ. ಬರಗಾಲದಲ್ಲಿ ಬಿತ್ತಿ, ಬೆಳೆ ಹೋದ ಮರುವರ್ಷ ಮತ್ತೆ ಬಿತ್ತಿದ ನಿಮ್ಮ ಕಥೆಯನ್ನು ಮೊಮ್ಮಕ್ಕಳಿಗೆ ಹೇಳಿ. 'ಬರುವುದಿಲ್ಲ' ಎಂದು ಮಗು ಅತ್ತರೆ, 'ಇನ್ನೂ ಬಂದಿಲ್ಲ, ಬರುತ್ತದೆ ಕಂದಾ' ಎಂದು ಪಕ್ಕದಲ್ಲಿ ಕುಳಿತುಕೊಳ್ಳಿ. ನಿಮ್ಮ ಮನೆಯ ಮಕ್ಕಳಿಗೆ ಶುಭವಾಗಲಿ.