ಅಜ್ಜನ ಕಿವಿ, ನಮ್ಮ ಗ್ಯಾನ್ ಬೋರ್ಡ್

ಹರಿಹರದ ನಮ್ಮ ಮನೆಯ ಪಡಸಾಲೆಯಲ್ಲಿ ಟಿ.ವಿ.ಗಿಂತ ಹೆಚ್ಚು ಮರ್ಯಾದೆ ಇರುವುದು ಒಂದು ಹಳೆಯ ಆಂಪ್ಲಿಫೈಯರ್‌ಗೆ. ಅಜ್ಜ ಲೇತ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದಾಗ ಒಂದು ವರ್ಷದ ಬೋನಸ್ ಹಣವನ್ನೆಲ್ಲ ಹಾಕಿ ದಾವಣಗೆರೆಯ ರೇಡಿಯೊ ರಿಪೇರಿಯವರೊಬ್ಬರಿಂದ ಮಾಡಿಸಿದ್ದು. ಒಳಗೆ 2ಎನ್3055 ಎಂಬ ಟ್ರಾನ್ಸಿಸ್ಟರ್‌ಗಳು; ನಾಣ್ಯದಷ್ಟಗಲದ ಲೋಹದ ಟೋಪಿ ಹಾಕಿಕೊಂಡು ಕೂತಿವೆ. ಎತ್ತಬೇಕೆಂದರೆ ಎರಡೂ ಕೈ ಬೇಕು. ಅರ್ಧ ಗಂಟೆ ಹಾಡಿದರೆ ಮೇಲೆ ಹಪ್ಪಳ ಒಣಗಿಸಬಹುದು, ಅಷ್ಟು ಬಿಸಿ. ಬೆಳಿಗ್ಗೆ ಮಲ್ಲಿಕಾರ್ಜುನ ಮನ್ಸೂರ, ಸಂಜೆ ರಾಜ್‌ಕುಮಾರ್. ನಾನು ಹುಟ್ಟಿದಾಗಿನಿಂದ ಈ ಟೈಮ್‌ಟೇಬಲ್ ಬದಲಾಗಿಲ್ಲ.

ನಾನು ದಾವಣಗೆರೆಯಲ್ಲಿ ಬಿ.ಇ. ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ದಿನಾ ಹರಿಹರದಿಂದ ಬಸ್ಸಿನಲ್ಲಿ ಓಡಾಟ. ಈ ಸಲದ ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದಾಗ ನಾವು ಮೂವರು ಗೆಳೆಯರು ಮಿರ್ಚಿ–ಮಂಡಕ್ಕಿ ತಿನ್ನುತ್ತಾ ತೀರ್ಮಾನಿಸಿದೆವು: ಗ್ಯಾಲಿಯಂ ನೈಟ್ರೈಡ್ ಟ್ರಾನ್ಸಿಸ್ಟರ್ ಇರುವ ಹೊಸ ಆಂಪ್ಲಿಫೈಯರ್ ತರೋಣ, ಅಜ್ಜನದರ ಪಕ್ಕ ಇಡೋಣ, ಹೊಸದೇ ಚೆನ್ನಾಗಿ ಹಾಡುತ್ತದೆ ಎಂದು ತೋರಿಸೋಣ. ಕೊನೆಯ ಸ್ಲೈಡ್ ಅಂದೇ ಬರೆದಾಗಿತ್ತು: ‘ಹೊಸ ತಂತ್ರಜ್ಞಾನದಲ್ಲಿ ಧ್ವನಿಯ ಗುಣಮಟ್ಟ ಉತ್ತಮ’. ಇನ್ನು ಪ್ರಯೋಗ ಮಾಡುವುದಷ್ಟೇ ಬಾಕಿ!

ಮನೆಗೆ ಬಂದು ಅಜ್ಜನಿಗೂ ಹೇಳಿಬಿಟ್ಟೆ: ‘ಅಜ್ಜಾ, ಇದನ್ನ ಗುಜರಿಗೆ ಹಾಕೋ ಕಾಲ ಬಂತು’. ಅಜ್ಜ ಏನೂ ಅನ್ನಲಿಲ್ಲ. ಎದ್ದು ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡಿ ಒಳಗೆ ಹೋದರು.

ತೂಬು ಮತ್ತು ಸ್ವಿಚ್ಚು

ಏನು ಈ ಹೊಸ ತಂತ್ರಜ್ಞಾನ? ನಮ್ಮ ಕಡೆಯವರಿಗೆ ಭದ್ರಾ ಕಾಲುವೆಯ ತೂಬು ಗೊತ್ತಲ್ಲ, ಅದರಿಂದಲೇ ಹೇಳುತ್ತೇನೆ. ಹಳೆಯ ಆಂಪ್ಲಿಫೈಯರ್‌ನಲ್ಲಿ ಟ್ರಾನ್ಸಿಸ್ಟರ್ ಅರ್ಧ ಎತ್ತಿದ ತೂಬಿನಂತೆ. ಹಾಡಿನ ಏರಿಳಿತಕ್ಕೆ ತಕ್ಕಂತೆ ಒಮ್ಮೆ ಕಾಲು, ಒಮ್ಮೆ ಮುಕ್ಕಾಲು ತೆರೆದು ವಿದ್ಯುತ್ತನ್ನು ಸ್ಪೀಕರ್‌ಗೆ ಬಿಡುತ್ತದೆ. ಅರ್ಧ ತೆರೆದ ಬಾಗಿಲಿನಲ್ಲಿ ತಿಕ್ಕಾಟ ಜಾಸ್ತಿ. ತಡೆಹಿಡಿದ ವಿದ್ಯುತ್ತೆಲ್ಲ ಬಿಸಿಯಾಗಿ ಹೋಗುತ್ತದೆ. ಇಂಥ ಆಂಪ್ಲಿಫೈಯರ್‌ಗಳ ದಕ್ಷತೆ ಲೆಕ್ಕದ ಪ್ರಕಾರವೇ ಶೇ 78.5 ದಾಟುವುದಿಲ್ಲ. ಮನೆಯಲ್ಲಿ ಮೆಲ್ಲಗೆ ಕೇಳುವಾಗ ಅದರ ಹತ್ತಿರಕ್ಕೂ ಹೋಗುವುದಿಲ್ಲ.

‘ಕ್ಲಾಸ್ ಡಿ’ ಎಂಬ ಇನ್ನೊಂದು ಬಗೆಯಲ್ಲಿ ತೂಬು ಪೂರ್ತಿ ತೆರೆದಿರುತ್ತದೆ, ಇಲ್ಲವೇ ಪೂರ್ತಿ ಮುಚ್ಚಿರುತ್ತದೆ. ನಡುವೆ ಇಲ್ಲ. ಸೆಕೆಂಡಿಗೆ ಲಕ್ಷಾಂತರ ಸಲ ತೆರೆದು ಮುಚ್ಚುತ್ತದೆ. ಹಾಡಿನ ಸಿಗ್ನಲ್ ಏರಿದಾಗ ತೆರೆದಿರುವ ಹೊತ್ತು ಹೆಚ್ಚು, ಇಳಿದಾಗ ಕಮ್ಮಿ. ಮುಂದೆ ಒಂದು ಕಾಯಿಲ್, ಒಂದು ಕೆಪಾಸಿಟರ್ ಸೇರಿ ಕೆರೆಯ ಕೆಲಸ ಮಾಡುತ್ತವೆ: ಬಿಟ್ಟು ಬಿಟ್ಟು ಬಂದ ನೀರು ಅಲ್ಲಿ ಸಮವಾಗಿ ಹರಿಯುತ್ತದೆ. ತಿಕ್ಕಾಟ ಕಮ್ಮಿ, ಬಿಸಿಯೂ ಕಮ್ಮಿ. ದಕ್ಷತೆ ಶೇ 90 ದಾಟುತ್ತದೆ.

ಉಪಾಯವೇನೂ ಹೊಸದಲ್ಲ. 1964ರಲ್ಲೇ ಬ್ರಿಟನ್ನಿನಲ್ಲಿ ಸಿಂಕ್ಲೇರ್ ‘ಎಕ್ಸ್–10’ ಎಂಬ ಕ್ಲಾಸ್ ಡಿ ಕಿಟ್ ಮಾರಾಟಕ್ಕೆ ಬಂದಿತ್ತು. ಆದರೆ ಆ ಕಾಲದ ಟ್ರಾನ್ಸಿಸ್ಟರ್‌ಗಳಿಗೆ ಅಷ್ಟು ವೇಗ ಇರಲಿಲ್ಲ. ವೇಗದ ಸಮಸ್ಯೆ ಇವತ್ತಿಗೂ ಚೂರು ಉಳಿದಿದೆ. ಕ್ಲಾಸ್ ಡಿಯಲ್ಲಿ ಮೇಲೊಂದು ಕೆಳಗೊಂದು ಸ್ವಿಚ್ ಜೋಡಿಯಾಗಿರುತ್ತವೆ. ಎರಡೂ ಒಟ್ಟಿಗೆ ಆನ್ ಆದರೆ ಶಾರ್ಟ್ ಸರ್ಕಿಟ್. ಹಾಗಾಗಿ ಒಂದು ಆಫ್ ಆಗಿ ಇನ್ನೊಂದು ಆನ್ ಆಗುವ ಮುಂಚೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿಡುವು ಕೊಡಬೇಕು. ಆ ಬಿಡುವಿನಲ್ಲೇ ಹಾಡು ಸ್ವಲ್ಪ ಕೆಡುತ್ತದೆ. ಗ್ಯಾಲಿಯಂ ನೈಟ್ರೈಡ್, ಅಂದರೆ ‘ಗ್ಯಾನ್’, ಸಿಲಿಕಾನ್‌ಗಿಂತ ಬೇಗ ಸ್ವಿಚ್ ಆಗುವುದರಿಂದ ಬಿಡುವನ್ನು ಇನ್ನೂ ಕಿರಿದು ಮಾಡಬಹುದು.

ಗ್ಯಾನ್ ನಮಗೆ ಅಪರಿಚಿತ ಏನಲ್ಲ. ಇದನ್ನೇ ಬಳಸಿ ನೀಲಿ ಎಲ್‌ಇಡಿ ಮಾಡಿದ್ದಕ್ಕೆ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ಲ್ಯಾಪ್‌ಟಾಪನ್ನೂ ಚಾರ್ಜ್ ಮಾಡುವ ಪುಟ್ಟ ‘ಗ್ಯಾನ್ ಚಾರ್ಜರ್’ ಹಾಸ್ಟೆಲ್‌ನಲ್ಲಿ ಎಷ್ಟೋ ಜನರ ಬ್ಯಾಗಿನಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಸ್ತುವಿನ ಮೇಲೆ ವರ್ಷಗಳಿಂದ ಕೆಲಸ ನಡೆದಿದೆ. ಅಗ್ನಿಟ್ ಸೆಮಿಕಂಡಕ್ಟರ್ಸ್ ಎಂಬ ಸ್ಟಾರ್ಟಪ್ ಅಲ್ಲಿಂದಲೇ ಹೊರಬಂದಿದೆ. ಕೋರ್ ಎಲೆಕ್ಟ್ರಾನಿಕ್ಸ್‌ನಲ್ಲೇ ಕೆಲಸ ಹುಡುಕಬೇಕು ಎನ್ನುವವರು ಈ ಕಡೆ ಒಂದು ಕಣ್ಣಿಟ್ಟಿರಿ.

ಮೊದಲ ದಿನವೇ ಹೊಗೆ

ಮೂವರೂ ತಲಾ ನಾಲ್ಕು ಸಾವಿರ ಹಾಕಿ ಗ್ಯಾನ್ ಬೋರ್ಡ್ ಮತ್ತು ಪವರ್ ಸಪ್ಲೈ ಆರ್ಡರ್ ಮಾಡಿದೆವು. ಬರುವವರೆಗೆ ಕೈ ಪಳಗಲಿ ಎಂದು ನಾನು 1,150 ರೂಪಾಯಿಗೆ ಸಾಮಾನ್ಯ ಸಿಲಿಕಾನ್‌ನ ಕ್ಲಾಸ್ ಡಿ ಬೋರ್ಡ್ ಒಂದನ್ನು ತಂದೆ. ಹಾಗೆ ಮಾಡಿದ್ದೇ ಒಳ್ಳೆಯದಾಯಿತು.

ಒಂದೇ ಜೋಡಿ ಸ್ಪೀಕರ್‌ಗೆ ಎರಡು ಆಂಪ್ಲಿಫೈಯರ್ ಬದಲಾಯಿಸಲು ಒಂದು ಸ್ವಿಚ್ ಡಬ್ಬಿ ಮಾಡಿದ್ದೆ. ಅದರಲ್ಲಿ ಪ್ಲಸ್ ವೈರ್ ಮಾತ್ರ ಬದಲಾಗುತ್ತಿತ್ತು. ಮೈನಸ್ ವೈರ್‌ಗಳನ್ನೆಲ್ಲ ಸೇರಿಸಿ ಒಂದು ಗಂಟು ಹಾಕಿದ್ದೆ. ಅಜ್ಜನ ಆಂಪ್ಲಿಫೈಯರ್‌ನಲ್ಲಿ ಸ್ಪೀಕರ್‌ನ ಮೈನಸ್ ಅಂದರೆ ನೆಲ, ಗ್ರೌಂಡ್. ಎಲ್ಲ ಕಡೆಯೂ ಹಾಗೇ ಎಂದುಕೊಂಡಿದ್ದೆ.

ಪವರ್ ಕೊಟ್ಟ ಕ್ಷಣ ಎಡ ಸ್ಪೀಕರ್‌ನ ಕಾಗದದ ಕೋನ್ ಧಪ್ ಎಂದು ಮುಂದಕ್ಕೆ ಬಂದು ಅಲ್ಲೇ ನಿಂತಿತು. ಬೋರ್ಡಿನಿಂದ ಹೊಗೆ. ನಾನು ಪ್ಲಗ್ ಕಿತ್ತೆ. ಅಜ್ಜ ಕುರ್ಚಿಯಿಂದ ಎದ್ದು ಬಂದು ಮೊದಲು ನನ್ನ ಕೈ ನೋಡಿದರು, ಆಮೇಲೆ ಸ್ಪೀಕರ್ ನೋಡಿದರು.

ಆದದ್ದು ಇಷ್ಟು. ಆ ಬೋರ್ಡಿನಲ್ಲಿ ಸ್ಪೀಕರ್‌ನ ಎರಡೂ ವೈರ್‌ಗಳಿಗೆ ಜೀವ ಇರುತ್ತದೆ. 24 ವೋಲ್ಟ್ ಪವರ್ ಸಪ್ಲೈ ಆದರೆ ಎರಡೂ ಕಡೆ ಸುಮಾರು 12 ವೋಲ್ಟ್. ಎರಡರಲ್ಲೂ ಅಷ್ಟೇ ಇರುವುದರಿಂದ ಸ್ಪೀಕರ್‌ಗೆ ಅದು ಗೊತ್ತಾಗುವುದಿಲ್ಲ. ನಾನು ಒಂದನ್ನು ಹಳೆಯದರ ಗ್ರೌಂಡ್‌ಗೆ ಕಟ್ಟಿದ್ದೆ. ಒಂದೇ ಫೋನಿನಿಂದ ಎರಡಕ್ಕೂ ಹಾಡು ಕೊಡುತ್ತಿದ್ದ ಕೇಬಲ್‌ನಲ್ಲಿ ಎರಡರ ಗ್ರೌಂಡೂ ಸೇರಿಹೋಗಿತ್ತು. ಬೋರ್ಡಿನ ಅರ್ಧ ಭಾಗ ಶಾರ್ಟ್ ಆಯಿತು, ಉಳಿದರ್ಧ ಸ್ಪೀಕರ್‌ಗೆ ನೇರ 12 ವೋಲ್ಟ್ ಡಿ.ಸಿ. ನುಗ್ಗಿಸಿತು. ಇನ್ನೊಂದು ಸ್ವಲ್ಪ ಹೊತ್ತಾಗಿದ್ದರೆ ಕಾಯಿಲ್ ಸುಟ್ಟು, ನಲವತ್ತು ವರ್ಷದ ಸ್ಪೀಕರ್ ನನ್ನ ಕೈಯಲ್ಲಿ ಹೋಗುತ್ತಿತ್ತು.

‘ಹಳೇ ಎತ್ತಿನ ನೊಗಾನ ಹೊಸ ಎತ್ತಿಗೆ ಹಂಗೇ ಹಾಕಬಾರ್ದು ಕಣ್ಲಾ ತಮ್ಮಾ, ಅಳತಿ ನೋಡ್ಬೇಕು’ ಎಂದರು ಅಜ್ಜ. ಬೈಗುಳ ಅಷ್ಟೇ.

ಪರದೆಯ ಹಿಂದಿನ ಪರೀಕ್ಷೆ

ಗ್ಯಾನ್ ಬೋರ್ಡ್ ಬಂತು. ಸ್ಪೀಕರ್‌ನ ಎರಡೂ ವೈರ್ ಒಟ್ಟಿಗೆ ಬದಲಾಗುವ ಸ್ವಿಚ್ ಹಾಕಿ ಡಬ್ಬಿ ಹೊಸದಾಗಿ ಮಾಡಿದೆ. ಮೊದಲ ಹಾಡಿಗೇ ಮೂವರಿಗೂ ರೋಮಾಂಚನ. ‘ಎಷ್ಟು ಕ್ಲಿಯರ್ ಗುರೂ!’ ತಂಬೂರಿ ಹೊಳೆಯುತ್ತಿದೆ, ತಬಲಾ ಬೇರೆ ಬೇರೆಯಾಗಿ ಕೇಳುತ್ತಿದೆ ಎಂದೆಲ್ಲ ಬರೆದುಕೊಂಡೆವು.

ಆಮೇಲೆ ಮಲ್ಟಿಮೀಟರ್ ಹಿಡಿದು ನೋಡಿದರೆ ಹೊಸದು ಸ್ವಲ್ಪ ಜೋರಾಗಿ ಹಾಡುತ್ತಿತ್ತು, ಅಷ್ಟೇ. ಕಿವಿಯ ದೌರ್ಬಲ್ಯ ಇದು: ತುಸು ಜೋರಾದ ಸದ್ದನ್ನು ‘ಜೋರು’ ಎನ್ನುವುದಿಲ್ಲ, ‘ಚೆನ್ನಾಗಿದೆ’ ಎನ್ನುತ್ತದೆ. ಅಂಗಡಿಯಲ್ಲಿ ಸ್ಪೀಕರ್ ಕೊಳ್ಳುವಾಗ ನೆನಪಿಡಿ.

ಮತ್ತೆ ಮೊದಲಿನಿಂದ. 400 ಹರ್ಟ್ಸ್‌ನ ಸದ್ದು ಹಾಕಿ ಸ್ಪೀಕರ್ ತುದಿಯಲ್ಲಿ ಎರಡೂ ಸರಿಯಾಗಿ 2 ವೋಲ್ಟ್ ಬರುವಂತೆ ಹೊಂದಿಸಿದೆವು. ಆಂಪ್ಲಿಫೈಯರ್‌ಗಳ ಮುಂದೆ ಅಜ್ಜಿಯ ಸೀರೆಯ ಪರದೆ. ಪರದೆಯ ಹಿಂದೆ ಒಬ್ಬ ಗೆಳೆಯ ನಾಣ್ಯ ಚಿಮ್ಮಿ, ತಲೆ ಬಿದ್ದರೆ ಹಳೆಯದು, ಅಂಕಿ ಬಿದ್ದರೆ ಹೊಸದು ಹಾಕುತ್ತಿದ್ದ. ಕೇಳುವವನು ಯಾವುದೆಂದು ಹೇಳಬೇಕು. ಒಬ್ಬೊಬ್ಬರಿಗೆ 16 ಸಲ. ಕಣ್ಣು ಮುಚ್ಚಿ ಊಹಿಸಿದರೂ 8 ಸರಿ ಬರುತ್ತವೆ. 12 ಅಥವಾ ಅದಕ್ಕಿಂತ ಹೆಚ್ಚು ಬರೀ ಅದೃಷ್ಟದಿಂದ ಬರುವ ಸಾಧ್ಯತೆ ಶೇ 4ರಷ್ಟು ಮಾತ್ರ. ಹಾಗಾಗಿ 12 ದಾಟಿದರೆ ನಿಜವಾಗಿ ಕೇಳಿಸುತ್ತಿದೆ ಎಂದು ಒಪ್ಪುವುದು ಎಂದು ಮೊದಲೇ ಮಾತಾಯಿತು.

ನನಗೆ 9. ಗೆಳೆಯನಿಗೆ 7. ಹೊಳೆಯುವ ತಂಬೂರಿ ಎಲ್ಲಿ ಹೋಯಿತೋ!

ಅಜ್ಜನಿಗೆ 74 ವರ್ಷ. ಸಣ್ಣ ಕೀಚು ಸದ್ದುಗಳು ಅವರಿಗೆ ಕೇಳಿಸುವುದೇ ಇಲ್ಲ. ಸುಮ್ಮನೆ ಗೌರವಕ್ಕೆ ಕೂರಿಸಿದೆವು. ಅವರಿಗೆ 14!

‘ಹೆಂಗೆ ಗೊತ್ತಾತು ಅಜ್ಜಾ?’

‘ಹಾಡಿನಾಗ ಏನೂ ಫರಕಿಲ್ಲ. ಅವ್ರು ಉಸಿರು ತಗಳೋವಾಗ ನಮ್ದು ಗುಂಯ್ ಅಂತೈತಿ, ನಿಮ್ದು ಅನ್ನಂಗಿಲ್ಲ.’

ನಾವು ಹಾಡು ಕೇಳುತ್ತಿದ್ದೆವು. ಅಜ್ಜ ಯಂತ್ರ ಕೇಳುತ್ತಿದ್ದರು. ಟೂಲ್ ಮೊಂಡಾದದ್ದನ್ನು, ಬೇರಿಂಗ್ ಸವೆದದ್ದನ್ನು ಸದ್ದಿನಲ್ಲೇ ಹಿಡಿಯುತ್ತಿದ್ದ ಟರ್ನರ್ ಅವರು.

ಆ ಗುಂಯ್ ಟ್ರಾನ್ಸಿಸ್ಟರ್‌ನದಲ್ಲ. ಕರೆಂಟನ್ನು ಡಿ.ಸಿ. ಮಾಡಿದ ಮೇಲೂ ಉಳಿಯುವ ಏರಿಳಿತವನ್ನು ದೊಡ್ಡ ಕೆಪಾಸಿಟರ್‌ಗಳು ಸಮ ಮಾಡಬೇಕು. ನಲವತ್ತು ವರ್ಷದಲ್ಲಿ ಅವು ಒಣಗಿಹೋಗಿದ್ದವು. ಪ್ಲಗ್ ತೆಗೆದು, ಉಳಿದ ಚಾರ್ಜನ್ನು ರೆಸಿಸ್ಟರ್ ಮೂಲಕ ಇಳಿಸಿ, ಎರಡು ಹೊಸ ಕೆಪಾಸಿಟರ್ ಬೆಸುಗೆ ಹಾಕಿದೆವು. ಖರ್ಚು 180 ರೂಪಾಯಿ. ಮತ್ತೆ ಪರೀಕ್ಷೆ. ಈ ಸಲ ಅಜ್ಜನಿಗೆ 8.

ಹನ್ನೆರಡು ಸಾವಿರದ ಹೊಸ ತಂತ್ರಜ್ಞಾನದಿಂದ ಬಂತೆಂದು ನಾವು ಬರೆಯಲಿದ್ದ ವ್ಯತ್ಯಾಸ, ನೂರಾ ಎಂಬತ್ತು ರೂಪಾಯಿಯ ರಿಪೇರಿಗೆ ಮಾಯವಾಯಿತು.

ಸ್ಲೈಡ್ ಬದಲಾಯಿತು

ಅಂದರೆ ಗ್ಯಾನ್ ಸುಳ್ಳೇ? ಅಲ್ಲ. ಕಾಲೇಜಿನಿಂದ ತಂದ ವ್ಯಾಟ್‌ಮೀಟರ್ ಬೇರೆ ಕಥೆ ಹೇಳಿತು. ಒಂದೇ ಹಾಡಿಗೆ, ಒಂದೇ ಸದ್ದಿಗೆ ಅಜ್ಜನದು 31 ವ್ಯಾಟ್ ತಿಂದರೆ ಹೊಸದು 11. ಏಪ್ರಿಲ್‌ನ ಸೆಕೆಯಲ್ಲೂ ಅದರ ಮೇಲೆ ಕೈ ಇಡಬಹುದು. ತೂಕ ಒಂದು ಡಬ್ಬಿ ಊಟದಷ್ಟು. ಕರೆಂಟ್ ಹೋದಾಗ ಬ್ಯಾಟರಿಯಲ್ಲಿ ಹಾಡುತ್ತದೆ. ಹಾಗೆಂದು ಉಬ್ಬಿಸುವುದೂ ಬೇಡ: ದಿನಕ್ಕೆ ಐದು ಗಂಟೆ ಕೇಳಿದರೂ ವರ್ಷಕ್ಕೆ ಉಳಿಯುವುದು 36 ಯೂನಿಟ್ಟು. ಮನೆಯ ಬಿಲ್ಲಿನಲ್ಲಿ ಅದು ದೊಡ್ಡದಲ್ಲ. ದೊಡ್ಡ ಸರ್ವರ್‌ಗಳಲ್ಲಿ, ಎಲೆಕ್ಟ್ರಿಕ್ ಗಾಡಿಗಳಲ್ಲಿ ಇದೇ ಗುಣ ದೊಡ್ಡದಾಗುತ್ತದೆ.

ಕಷ್ಟ ಬಂದದ್ದು ಕೊನೆಯ ಸ್ಲೈಡ್‌ಗೆ. ವೈವಾಗೆ ಎರಡು ದಿನ ಇತ್ತು. ‘ವ್ಯತ್ಯಾಸ ಕೇಳಿಸಲಿಲ್ಲ ಅಂತ ಬರೆದರೆ ಪ್ರಾಜೆಕ್ಟ್ ಫೇಲ್ ಅಂದುಕೊಳ್ತಾರೆ. ಮೊದಲು ಬರೆದದ್ದೇ ಇರಲಿ, ಯಾರು ಬಂದು ಕೇಳ್ತಾರೆ?’ ಎಂದ ಒಬ್ಬ ಗೆಳೆಯ. ಸುಳ್ಳು ಹೇಳಲಾರೆ, ನನಗೂ ಅದೇ ಅನ್ನಿಸಿತ್ತು. ಅಂಕ ಕಮ್ಮಿಯಾದರೆ ಪ್ಲೇಸ್‌ಮೆಂಟ್ ಕಟಾಫ್‌ಗೆ ಹೊಡೆತ. ಆ ರಾತ್ರಿ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಾಗ ಅಜ್ಜ ಪಕ್ಕದಲ್ಲಿದ್ದರು. ಗೇಜಿಗೆ ಹತ್ತದ ಪೀಸನ್ನ ‘ಓಕೆ’ ಡಬ್ಬಿಗೆ ಹಾಕಿದರೆ ಏನಾಗುತ್ತಿತ್ತು ಎಂದು ಕೇಳಿದೆ. ‘ಅವತ್ತೇನೂ ಆಗ್ತಿರ್ಲಿಲ್ಲ. ಮುಂದೆ ಎಲ್ಲೋ ಜೋಡ್ಸೋವಾಗ ಒಬ್ಬ ಒದ್ದಾಡ್ತಿದ್ದ’ ಎಂದರು.

ಸ್ಲೈಡ್ ಬದಲಾಯಿಸಿದೆವು: ‘ಸಮ ಮಟ್ಟದಲ್ಲಿ ಕೇಳಿದಾಗ ವ್ಯತ್ಯಾಸ ಪತ್ತೆಯಾಗಲಿಲ್ಲ. ಮೊದಲು ಪತ್ತೆಯಾದದ್ದು ಹಳೆಯ ಕೆಪಾಸಿಟರ್‌ನಿಂದ. ಲಾಭ ವಿದ್ಯುತ್ತು ಮತ್ತು ಬಿಸಿಯಲ್ಲಿ’. ಸುಟ್ಟ ಬೋರ್ಡಿನ ಫೋಟೊವನ್ನೂ ಹಾಕಿದೆವು.

ವೈವಾದಲ್ಲಿ ಪರೀಕ್ಷಕರು ಉಳಿದ ಸ್ಲೈಡ್‌ಗಳನ್ನು ಬೇಗ ಬೇಗ ದಾಟಿಸಿ, ಸುಟ್ಟ ಬೋರ್ಡಿನ ಮುಂದೆ ನಿಂತರು. ಹತ್ತು ನಿಮಿಷ ಅದರ ಮೇಲೇ ಪ್ರಶ್ನೆ. ಎಲ್ಲದಕ್ಕೂ ಉತ್ತರ ಗೊತ್ತಿತ್ತು, ಯಾಕೆಂದರೆ ಸುಟ್ಟವನು ನಾನೇ. ಅಂಕ ಇನ್ನೂ ಬಂದಿಲ್ಲ.

ಈಗ ಪಡಸಾಲೆಯಲ್ಲಿ ಎರಡೂ ಇವೆ. ಸೆಕೆ ಜಾಸ್ತಿಯಾದರೆ, ಕರೆಂಟ್ ಹೋದರೆ ಹೊಸದು. ಬೆಳಗಿನ ಮನ್ಸೂರರಿಗೆ ಮಾತ್ರ ಅಜ್ಜ ಹಳೆಯದನ್ನೇ ಹಾಕುತ್ತಾರೆ. ಮೊನ್ನೆ ಹಾಡು ಶುರುವಾಗುವ ಮುಂಚೆ ಸ್ಪೀಕರ್ ಹತ್ತಿರ ಕಿವಿ ಇಟ್ಟು ನಿಂತಿದ್ದರು. ‘ಏನಜ್ಜಾ?’ ಎಂದೆ.

‘ಗುಂಯ್ ಅಂತಾನೇ ಇಲ್ಲ ನೋಡು’ ಎಂದರು. ಖುಷಿಯೋ ಬೇಸರವೋ ಗೊತ್ತಾಗಲಿಲ್ಲ.