ಚೆಕ್ ಎಂಜಿನ್ ದೀಪವೂ ಪೆಟ್ರೋಲಿನ ಆವಿಯೂ

ನಿನ್ನೆಯವರೆಗೆ ಯಾವ ತಕರಾರೂ ಇಲ್ಲದೆ ಓಡುತ್ತಿದ್ದ ಸುಬಾರು ಕಾರೊಂದರ ಫಲಕದಲ್ಲಿ ಚೆಕ್ ಎಂಜಿನ್ ದೀಪದೊಡನೆ ಟ್ರಾಕ್ಷನ್ ಕಂಟ್ರೋಲಿನ ದೀಪವೂ ಹೊತ್ತಿಕೊಂಡು, ಕ್ರೂಸ್ ಕಂಟ್ರೋಲಿನ ಗುರುತು ಮಿನುಗತೊಡಗಿದರೆ, ಎಂಜಿನ್ನು, ಬ್ರೇಕು, ಚಕ್ರ ಎಲ್ಲವೂ ಏಕಕಾಲದಲ್ಲಿ ಕೆಟ್ಟುವೆಂಬ ಭೀತಿ ಚಾಲಕನನ್ನು ಆವರಿಸುವುದು ಸಹಜ. ಆದರೆ ಎಂಜಿನ್ನಿನ ಕಂಪ್ಯೂಟರು ತನ್ನ ಅಧೀನದ ಒಂದು ದೋಷವನ್ನು ದಾಖಲಿಸಿಕೊಂಡೊಡನೆ ಉಳಿದೆರಡು ಸೌಕರ್ಯಗಳನ್ನು ಮುನ್ನೆಚ್ಚರಿಕೆಗಾಗಿ ನಿಲ್ಲಿಸಿಬಿಡುವಂತೆ ಅಲ್ಲಿ ಏರ್ಪಾಡಿರುವುದರಿಂದ, ಮೂರು ದೀಪಗಳಿಗೂ ಕಾರಣ ಒಂದೇ ಆಗಿರುವುದುಂಟು. ಆ ಕಾರಣವೂ ಎಷ್ಟೋ ವೇಳೆ ಪೆಟ್ರೋಲ್ ಟ್ಯಾಂಕಿನ ಆವಿ ಎಲ್ಲಿಯೋ ಸೋರುತ್ತಿರುವುದು ಮಾತ್ರ.

ಆವಿ ಸೋರಿದರೆ ನಷ್ಟವೇನೆಂಬ ಪ್ರಶ್ನೆಗೆ ಉತ್ತರ ಲಾಸ್ ಏಂಜಲೀಸ್ ನಗರದಲ್ಲಿದೆ. ಅಲ್ಲಿಯ ಜನರ ಕಣ್ಣುರಿಸುತ್ತಿದ್ದ ಹೊಗೆಮಂಜಿನ ಮೂಲವನ್ನು 1950ರ ಸುಮಾರಿನಲ್ಲಿ ಅರಸಿದ ಕ್ಯಾಲ್‌ಟೆಕ್ ಸಂಸ್ಥೆಯ ರಸಾಯನಶಾಸ್ತ್ರಜ್ಞ ಹಾಗನ್-ಸ್ಮಿಟ್, ಪೆಟ್ರೋಲಿನ ಆವಿಯಂತಹ ಹೈಡ್ರೋಕಾರ್ಬನ್ನುಗಳೂ ನೈಟ್ರೋಜನ್ ಆಕ್ಸೈಡುಗಳೂ ಸೂರ್ಯಪ್ರಕಾಶದಲ್ಲಿ ಕೂಡಿ ಓಜೋನನ್ನು ಹುಟ್ಟಿಸುವುವೆಂದು ತೋರಿಸಿಕೊಟ್ಟರು. ಅಂದ ಮೇಲೆ, ಬಿಸಿಲಿನಲ್ಲಿ ಸುಮ್ಮನೆ ನಿಂತ ಕಾರು ಸಹ ಜನರು ಉಸಿರಾಡುವ ಗಾಳಿಯನ್ನು ಕೆಡಿಸಬಲ್ಲದು. ಆದುದರಿಂದಲೇ ಕ್ಯಾಲಿಫೋರ್ನಿಯದಲ್ಲಿ 1970ರ, ಅಮೆರಿಕದಾದ್ಯಂತ 1971ರ ಮಾದರಿಗಳಿಂದ ಮೊದಲ್ಗೊಂಡು ಈ ಆವಿಯನ್ನು ಹಿಡಿದಿಡುವುದು ಕಡ್ಡಾಯವಾಯಿತು. ಇದ್ದಿಲು ತುಂಬಿದ ಕ್ಯಾನಿಸ್ಟರ್ ಅದನ್ನು ಹೀರಿಟ್ಟುಕೊಳ್ಳುತ್ತದೆ. ಎಂಜಿನ್ ಓಡುವಾಗ ಪರ್ಜ್ ವಾಲ್ವ್ ತೆರೆದು ಅದನ್ನು ದಹನಕ್ಕೆ ಒಪ್ಪಿಸುತ್ತದೆ. ವೆಂಟ್ ವಾಲ್ವಿನ ಮೂಲಕ ಹೊರಗಿನ ಗಾಳಿ ಒಳಬರುತ್ತದೆ. 1996ರಿಂದೀಚೆಗೆ ಕಂಪ್ಯೂಟರೇ ಈ ವ್ಯವಸ್ಥೆಯನ್ನು ಪರೀಕ್ಷಿಸಿ, ಒಂದು ಮಿಲಿಮೀಟರಿನಷ್ಟು ರಂಧ್ರವಿದ್ದರೂ, 2000ದ ನಂತರ ಹಂತಹಂತವಾಗಿ ಅದರರ್ಧದಷ್ಟಿದ್ದರೂ, ದೀಪ ಹೊತ್ತಿಸತಕ್ಕದ್ದೆಂದು ವಿಧಿಸಲಾಯಿತು.

ಚೆಕ್ ಎಂಜಿನ್ ದೀಪವೇ ಮಿನುಗುತ್ತಿದ್ದರೆ ಅದು ಎಂಜಿನ್ನಿನೊಳಗೆ ದಹನ ತಪ್ಪುತ್ತಿರುವುದರ ಗುರುತು. ಆಗ ವೇಗ ತಗ್ಗಿಸಿ ಗ್ಯಾರೇಜು ಸೇರುವುದೇ ಕ್ಷೇಮ. ಸ್ಥಿರವಾಗಿ ಉರಿಯುತ್ತಿದ್ದು, ಪೆಟ್ರೋಲಿನ ವಾಸನೆಯೂ ಓಟದಲ್ಲಿ ವ್ಯತ್ಯಾಸವೂ ಇಲ್ಲದಿದ್ದರೆ, ಸಮಾಧಾನದಿಂದ ಸ್ಕ್ಯಾನರ್ ಹಚ್ಚಿ ನೋಡಬಹುದು. ಪಿ0455 ಎಂದು ಬಂದರೆ ದೊಡ್ಡ ಸೋರಿಕೆ, ಪಿ0442 ಸಣ್ಣದು, ಪಿ0456 ಅತಿಸೂಕ್ಷ್ಮವಾದುದು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ: ಈ ಸಂಖ್ಯೆಗಳು ಯಾವ ಪರೀಕ್ಷೆ ವಿಫಲವಾಯಿತೆಂಬುದನ್ನು ತಿಳಿಸುತ್ತವೆಯೇ ಹೊರತು ಯಾವ ಭಾಗ ಕೆಟ್ಟಿತೆಂಬುದನ್ನಲ್ಲ. ಸಂಖ್ಯೆಯನ್ನು ನೋಡಿದೊಡನೆ ಬೆಲೆಬಾಳುವ ಕ್ಯಾನಿಸ್ಟರನ್ನು ಬದಲಿಸಿಬಿಡುವ ಪದ್ಧತಿ ಮಾಲೀಕನಿಗೆ ಮಾಡುವ ಅನ್ಯಾಯವೇ ಸರಿ.

ಮೊದಲು ಟ್ಯಾಂಕಿನ ಮುಚ್ಚಳವನ್ನು ಬಿಚ್ಚಿ, ಅದರ ರಬ್ಬರ್ ಬಳೆಯನ್ನು ಬೆರಳಿನಿಂದ ಸುತ್ತಲೂ ಸವರಿ ಬಿರುಕಿದೆಯೇ ನೋಡಿ, ಟಿಕ್ ಟಿಕ್ ಎನ್ನುವವರೆಗೆ ಬಿಗಿಯಬೇಕು. ಪೆಟ್ರೋಲ್ ಹಾಕಿಸಿದೊಡನೆ ಎಂಜಿನ್ ಸ್ಟಾರ್ಟ್ ಆಗಲು ತೊಡಕುಪಡುತ್ತಿದ್ದರೆ ಶಂಕೆ ಪರ್ಜ್ ವಾಲ್ವಿನ ಮೇಲೆ ಬೀಳತಕ್ಕದ್ದು: ಅದರ ವಿದ್ಯುತ್ ಪ್ಲಗ್ಗನ್ನು ಕಳಚಿ, ಎಂಜಿನ್ ಓಡುತ್ತಿರುವಾಗಲೇ ಕ್ಯಾನಿಸ್ಟರ್ ಕಡೆಯ ಕೊಳವೆಯನ್ನು ಬಿಡಿಸಿ ವಾಲ್ವಿನ ಬಾಯಿಗೆ ಬೆರಳಿಟ್ಟಾಗ ಸೆಳೆತ ತಿಳಿದರೆ, ಮುಚ್ಚಿರಬೇಕಾದ ವಾಲ್ವ್ ತೆರೆದೇ ಉಳಿದಿದೆಯೆಂದರ್ಥ. ಇವೆರಡೂ ಸರಿಯಿದ್ದಲ್ಲಿ ಮೆಕ್ಯಾನಿಕ್ ಅತ್ಯಲ್ಪ ಒತ್ತಡದಲ್ಲಿ ಕೊಳವೆಗಳೊಳಗೆ ಹೊಗೆ ಹಾಯಿಸಿ, ಅದು ಹೊರಬೀಳುವ ತಾಣವನ್ನು ಕಣ್ಣಾರೆ ಕಾಣುತ್ತಾನೆ. ಇದಕ್ಕಿಂತ ನಿಶ್ಚಿತವಾದ ಉಪಾಯ ಬೇರಿಲ್ಲ.

ತೊಂದರೆ ಸೋರಿಕೆಯೇ ಆಗಬೇಕೆಂದಿಲ್ಲ, ಅಡಚಣೆಯೂ ಆಗಬಹುದು. 2011ರಲ್ಲಿ ಮಜ್ದಾ ಕಂಪನಿ ಅಮೆರಿಕದಲ್ಲಿ ಮಾರಿದ್ದ ಮಜ್ದಾ 6 ಕಾರುಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಸಿಕೊಂಡಿತು; ಹಳದಿ ಬಣ್ಣದ ಒಂದು ಜಾತಿಯ ಜೇಡ ವೆಂಟ್ ಕೊಳವೆಯಲ್ಲಿ ಬಲೆ ನೇಯ್ದು, ಗಾಳಿಯ ದಾರಿ ಕಟ್ಟಿ, ಟ್ಯಾಂಕೇ ಬಿರಿಯುವ ಸಂಭವವಿತ್ತು. ಮನುಷ್ಯರು ತರುವ ಅಡಚಣೆಯೂ ಉಂಟು: ಪಂಪು ತಾನಾಗಿ ನಿಂತ ಮೇಲೂ ಟ್ಯಾಂಕಿನ ಕಂಠದವರೆಗೆ ಪೆಟ್ರೋಲ್ ತುಂಬಿಸಿದರೆ ದ್ರವವೇ ಕ್ಯಾನಿಸ್ಟರನ್ನು ಹೊಕ್ಕು ಇದ್ದಿಲನ್ನು ಕೆಡಿಸುತ್ತದೆ.

ದುರಸ್ತಿಯಾದ ಮೇಲೆ, ಸಾಮಾನ್ಯವಾಗಿ ಮೂರು ಓಟಗಳಲ್ಲಿ ದೋಷ ಕಾಣದಿದ್ದರೆ, ದೀಪ ತಾನಾಗಿಯೇ ಆರುತ್ತದೆ. ಕ್ಯಾಲಿಫೋರ್ನಿಯದಲ್ಲಿ ಕಾರುಗಳಿಗೆ ನಡೆಸುವ ಸ್ಮಾಗ್ (ಹೊಗೆಮಂಜು) ಪರೀಕ್ಷೆಯ ಮುನ್ನಾದಿನ ಬ್ಯಾಟರಿ ಕಳಚಿ ದೀಪವಾರಿಸಿದರೆ ಪ್ರಯೋಜನವಿಲ್ಲ. ಕಂಪ್ಯೂಟರಿನ ಸ್ವಪರೀಕ್ಷೆಗಳು ಅಪೂರ್ಣವಾಗಿರುವುದು ಅಲ್ಲಿ ಒಡನೆಯೇ ಗೋಚರಿಸುತ್ತದೆ. ಟ್ಯಾಂಕನ್ನು ಕಾಲು ಭಾಗಕ್ಕೂ ಮುಕ್ಕಾಲಿಗೂ ನಡುವೆ ಇಟ್ಟು, ರಾತ್ರಿಯಿಡೀ ಕಾರು ತಣಿಯಲು ಬಿಟ್ಟು, ಬೆಳಿಗ್ಗೆ ಎಂದಿನಂತೆ ಓಡಿಸುತ್ತ ಬಂದರೆ ಕೆಲವು ದಿನಗಳಲ್ಲಿ ಆ ಪರೀಕ್ಷೆಗಳು ಮುಗಿಯುತ್ತವೆ.