ಹಾವಿನಂತಿರುವ ಮೀನುಗಳು

ಮುಂಗಾರು ಮಳೆ ಹಿಡಿದು ಹಳ್ಳಗಳು ತುಂಬಿ ಹರಿಯತೊಡಗಿದೊಡನೆ ಮಲೆನಾಡಿನ ಗದ್ದೆಬಯಲುಗಳಿಗೆ ಹತ್ತುಮೀನಿನ ಕಾಲ ಬರುತ್ತದೆ. ನರಸಿಂಹರಾಜಪುರದ ಕಡೆಯ ಕಡಹಿನಬೈಲಿನಂಥ ಊರುಗಳಲ್ಲಿ ನೀರಿಗೆ ಇಳಿಯುವವರಿಗೆ ಆಗ ಒಂದು ಸಂದೇಹ ಎದುರಾಗುವುದುಂಟು. ಕೂಣಿಯೊಳಗೆ ಉದ್ದನೆಯ ನುಣುಪು ಮೈಯೊಂದು ಹೊರಳಾಡುತ್ತದೆ. ಅದು ಹಾವೋ, ಮೀನೋ? ಸಂದೇಹ ಪರಿಹಾರವಾಗುವ ಮೊದಲೇ ದೊಣ್ಣೆ ಬೀಳುವುದೇ ಹೆಚ್ಚು. ಹೀಗೆ ಆಕಾರದ ದೆಸೆಯಿಂದಲೇ ಪ್ರಾಣ ಕಳೆದುಕೊಳ್ಳುವ ಜೀವಿಗಳ ವಿಚಾರವನ್ನು ಇಲ್ಲಿ ಕೊಂಚ ಪರಿಶೀಲಿಸೋಣ.

ಕನ್ನಡಿಗರು ಇವನ್ನು ಹಾವುಮೀನು ಎಂದು ಕರೆದರು. ದೂರದ ರೋಮನರೂ ಹೀಗೆಯೇ ಎಣಿಸಿರಬೇಕು. ಅವರ ಲ್ಯಾಟಿನ್ ಭಾಷೆಯಲ್ಲಿ ಈ ಬಗೆಯ ಮೀನಿಗಿದ್ದ 'ಆಂಗ್ವಿಲ' ಎಂಬ ಹೆಸರು ಹಾವು ಎಂಬರ್ಥದ ಪದದಿಂದಲೇ ಹುಟ್ಟಿದುದು. ಆದರೆ ಹೋಲಿಕೆ ಹೊರಗಿನದು ಮಾತ್ರ. ಹಾವಿಗೆ ಶ್ವಾಸಕೋಶವುಂಟು, ನೀರೊಳ್ಳೆಯೂ ಉಸಿರಿಗಾಗಿ ಆಗಾಗ ತಲೆಯೆತ್ತಲೇಬೇಕು. ಹಾವುಮೀನಿಗೆ ತಲೆಯ ಹಿಂದೆ ಕಿವಿರುಗಳ ತೆರಪುಗಳಿವೆ, ಅವುಗಳ ಬಳಿಯಲ್ಲೇ ಒಂದು ಜೊತೆ ಈಜುರೆಕ್ಕೆಗಳಿವೆ. ಹಾವಿನ ಮೈ ಒಣಗಿದ ಹುರುಪೆಗಳಿಂದ ಕೂಡಿದ್ದರೆ ಮೀನಿನ ಮೈ ಲೋಳೆಯಿಂದ ಜಾರುತ್ತದೆ. ಸೀಳುನಾಲಗೆಯನ್ನು ಚಾಚುವುದು ಹಾವು ಮಾತ್ರ.

ಭದ್ರಾ, ತುಂಗಾ ನದಿಗಳಲ್ಲಿ ದೊರೆಯುವ ಮುಳ್ಳು ಹಾವುಮೀನನ್ನು ವಿಜ್ಞಾನಿಗಳು ಮಾಸ್ಟಸೆಂಬೆಲಸ್ ಆರ್ಮೇಟಸ್ ಎನ್ನುತ್ತಾರೆ. ಚೂಪಾದ ಮೂತಿ, ಅದರ ತುದಿಯಲ್ಲಿ ಮೆತ್ತನೆಯ ಮಾಂಸದ ಕುಡಿ, ಬೆನ್ನಿನುದ್ದಕ್ಕೂ ಮೂವತ್ತಕ್ಕೂ ಹೆಚ್ಚು ಬಿಡಿ ಮುಳ್ಳುಗಳು ಇದರ ಗುರುತುಗಳು. ಹಗಲೆಲ್ಲ ಕಲ್ಲುಸಂದಿಗಳಲ್ಲಿ ಅಡಗಿದ್ದು ಇರುಳಿನಲ್ಲಿ ಹುಳುಹುಪ್ಪಟೆಗಳನ್ನು ಹುಡುಕಿ ಹೊರಡುತ್ತದೆ. ಬರಿಗೈಯಿಂದ ಹಿಡಿದವರಿಗೆ ಮುಳ್ಳು ಚುಚ್ಚುವುದು ದಿಟ. ಆದರೆ ಹಾವಿನ ವಿಷದ ಹಲ್ಲು ಇದಕ್ಕಿಲ್ಲ.

ಬೇರೆ ಬೇರೆ ವಂಶದ ಪ್ರಾಣಿಗಳಿಗೆ ಒಂದೇ ಆಕಾರ ಏಕೆ ಬಂದಿತು? ಇಕ್ಕಟ್ಟಾದ ಸಂದಿಗಳಲ್ಲಿ ನುಸುಳಲು ಉದ್ದನೆಯ ಸಪುರ ಮೈ ಅನುಕೂಲವೆಂಬುದು ಒಂದು ಉತ್ತರ. ಭೌತಶಾಸ್ತ್ರವನ್ನು ಪಾಠ ಹೇಳುವ ನಮಗೆ ಆ ಮೈಯ ಚಲನೆ ಇನ್ನೂ ಕುತೂಹಲಕರವಾಗಿ ತೋರುತ್ತದೆ. ಹಾವುಮೀನು ಈಜುವಾಗ ತಲೆಯಿಂದ ಬಾಲದ ಕಡೆಗೆ ಅಲೆಯೊಂದು ಸಾಗುತ್ತದೆ. ಬಾಗಿದ ಮೈಯ ಪ್ರತಿಯೊಂದು ಭಾಗವೂ ನೀರನ್ನು ಪಕ್ಕಕ್ಕೂ ಹಿಂದಕ್ಕೂ ನೂಕುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ನೀರು ಮೈಯನ್ನು ಮರಳಿ ನೂಕುತ್ತದೆ. ಎಡಬಲಗಳ ನೂಕುಗಳು ಬಹುಮಟ್ಟಿಗೆ ಒಂದನ್ನೊಂದು ಕಳೆದುಬಿಡುತ್ತವೆ, ಮುಂದಕ್ಕೆ ಒಯ್ಯುವ ನೂಕು ಉಳಿಯುತ್ತದೆ. ನೀರು ಜಾರಿ ಸರಿಯುವ ವಸ್ತುವಾದುದರಿಂದ ಮೀನು ಮುಂದೆ ಸಾಗುವುದಕ್ಕಿಂತ ಅಲೆ ಹಿಂದೆ ಸಾಗುವ ವೇಗ ಹೆಚ್ಚಾಗಿರಲೇಬೇಕು. ಕೇಂಬ್ರಿಜ್ಜಿನ ಜೇಮ್ಸ್ ಗ್ರೇ 1933ರಲ್ಲಿ ಈ ಚಲನೆಯನ್ನು ಚಿತ್ರಗಳ ನೆರವಿನಿಂದ ವಿವರಿಸಿದನು.

ಆಕಾರದಿಂದ ನೆಂಟಸ್ತನವನ್ನು ಅಳೆಯಲಾಗದೆಂಬುದಕ್ಕೆ ದಕ್ಷಿಣ ಅಮೆರಿಕದ ವಿದ್ಯುತ್ ಹಾವುಮೀನು ಇನ್ನೊಂದು ಸಾಕ್ಷಿ. ಅದರ ಒಂದು ಪ್ರಭೇದ 860 ವೋಲ್ಟುಗಳ ಆಘಾತ ಕೊಡಬಲ್ಲುದೆಂದು 2019ರಲ್ಲಿ ಪ್ರಕಟವಾಯಿತು. ನಮ್ಮ ಮನೆಗಳ ವಿದ್ಯುತ್ತಿನ ಒತ್ತಡ 230 ವೋಲ್ಟು ಮಾತ್ರ. ಹೆಸರು ಹಾವುಮೀನು; ಆದರೆ ಅದು ಹಾವಿಗೂ ಬಂಧುವಲ್ಲ, ಆಂಗ್ವಿಲಕ್ಕೂ ಹತ್ತಿರದ ಬಂಧುವಲ್ಲ.

ಇನ್ನು ನಿಜವಾದ ಆಂಗ್ವಿಲದ ಬಾಳಿನ ಕತೆಯಂತೂ ವಿಚಿತ್ರ. ಇದು ಕೆಸರಿನಿಂದ ಹುಟ್ಟುವುದೆಂದು ಅರಿಸ್ಟಾಟಲನು ನಂಬಿದ್ದನು. ಮುಂದೆ ಮನಶ್ಶಾಸ್ತ್ರದಲ್ಲಿ ಹೆಸರಾದ ಫ್ರಾಯ್ಡನು 1876ರಲ್ಲಿ ಟ್ರಿಯೆಸ್ಟ್ ನಗರದಲ್ಲಿ ಇದರ ವೃಷಣಗಳಿಗಾಗಿ ಸುಮಾರು ನಾನೂರು ಮೀನುಗಳನ್ನು ಕೊಯ್ದು ನೋಡಿದನು. ಯೂರೋಪಿನ ಆಂಗ್ವಿಲ ಮರಿಯಿಡುವುದು ಅಟ್ಲಾಂಟಿಕ್ಕಿನ ಸರ್ಗಾಸೋ ಸಮುದ್ರದಲ್ಲಿ ಎಂದು ಡೆನ್ಮಾರ್ಕಿನ ಯೊಹಾನೆಸ್ ಶ್ಮಿಟ್ 1922ರಲ್ಲಿ ತಿಳಿಸಿದನು. ಈ ಕುಲದ ಮೀನುಗಳು ಹುಟ್ಟುವುದು ಕಡಲಿನಲ್ಲಿ, ಬೆಳೆಯುವುದು ಹೊಳೆಯಲ್ಲಿ. ಎಲೆಯಂಥ ಪಾರದರ್ಶಕ ಮರಿ ಪ್ರವಾಹದಲ್ಲಿ ತೇಲಿ ಬಂದು, ರೂಪ ಬದಲಿಸಿ, ನದಿಯನ್ನೇರುತ್ತದೆ. ಹಲವು ವರ್ಷ ಬೆಳೆದ ಬಳಿಕ ಕಡಲಿಗೆ ಮರಳಿ, ಒಮ್ಮೆ ಮೊಟ್ಟೆಯಿಟ್ಟು ಸಾಯುತ್ತದೆ.

ನಮ್ಮ ದೇಶದ ಆಂಗ್ವಿಲ ಬೆಂಗಾಲೆನ್ಸಿಸ್ ಎರಡು ಮೀಟರುಗಳವರೆಗೆ ಬೆಳೆಯಬಲ್ಲುದು. ಅದರ ಮರಿಯೊಂದು ಬಂಗಾಳ ಕೊಲ್ಲಿಯಿಂದ ಭದ್ರೆಯ ಮೇಲ್ಭಾಗಕ್ಕೆ ಬರಬೇಕಾದರೆ ಏನಾದೀತು? ವಿಜಯವಾಡದ ಪ್ರಕಾಶಂ ಒಡ್ಡು, 1967ರ ನಾಗಾರ್ಜುನಸಾಗರ, ಶ್ರೀಶೈಲ, 1953ರ ತುಂಗಭದ್ರಾ ಅಣೆಕಟ್ಟು, ಕಡೆಗೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು, ಇಷ್ಟೂ ಗೋಡೆಗಳು ಅಡ್ಡ ನಿಂತಿವೆ. ಅಣೆಕಟ್ಟುಗಳು ನಮಗೆ ಅನ್ನ ಕೊಟ್ಟಿವೆ, ಬೆಳಕು ಕೊಟ್ಟಿವೆ. ಆದರೆ ಕಡಲಿಗೂ ಬೆಟ್ಟಕ್ಕೂ ಇದ್ದ ಹಾದಿಯನ್ನು ಮುಚ್ಚಿವೆ ಎಂಬುದನ್ನೂ ಮರೆಯಲಾಗದು. ಈ ಪ್ರಭೇದವನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಅಪಾಯದ ಅಂಚಿಗೆ ಸಮೀಪಿಸಿರುವ ಜೀವಿಗಳ ಪಟ್ಟಿಯಲ್ಲಿರಿಸಿದೆ.

ಮನುಷ್ಯನ ಕೈಯಲ್ಲಿರುವ ಇತರ ಕೇಡುಗಳನ್ನಾದರೂ ತಪ್ಪಿಸಬಹುದು. ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ಅಪರಾಧವೆಂದಿತ್ತು. ಮದ್ದು ಸಿಡಿದ ಮಡುವಿನಲ್ಲಿ ದೊಡ್ಡ ಮೀನಿನೊಡನೆ ಸಂದಿಯಲ್ಲಡಗಿದ ಮರಿಯೂ ಸಾಯುತ್ತದೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿಯ ಮೀನುಗಳಿಗೆ ಯಾತ್ರಿಕರು ಅಕ್ಕರೆಯಿಂದ ಮಂಡಕ್ಕಿ ಎರಚುತ್ತಾರೆ. ಅದೇ ಹೊಳೆಯ ಕಲ್ಲಡಿಯ ಹಾವುಮೀನಿಗೆ ಆ ಭಾಗ್ಯವಿಲ್ಲ. ಅದಕ್ಕೆ ಮಂಡಕ್ಕಿ ಬೇಡ, ದೊಣ್ಣೆ ತಪ್ಪಿದರೆ ಸಾಕು.

ಕೂಣಿಯಲ್ಲಿ ಸಿಕ್ಕಿದ್ದು ಯಾವುದೆಂದು ತಿಳಿಯದಾಗ ಕೈಯಿಕ್ಕದಿರುವುದು ಲೇಸು. ಕಚ್ಚಿದ್ದು ಹಾವೋ ಮೀನೋ ಎಂಬ ಅನುಮಾನವಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕಿವಿರೂ ರೆಕ್ಕೆಯೂ ಕಂಡವೆಂದರೆ, ಅದು ಹಾವಲ್ಲವೆಂದು ಧೈರ್ಯವಾಗಿ ಹೇಳಬಹುದು.